ಒತ್ತಡದ ಹಾರ್ಮೋನುಗಳು ಮತ್ತು ನಮ್ಮ ದೇಹ

(ಸಂಸ್ಥೆಯ ವಾರ್ಷಿಕ ಸಮಾರಂಭದ ಅಂಗವಾಗಿ ನಡೆದ ವಿದ್ಯಾರ್ಥಿ ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ನಾನು ವೈದ್ಯೆಯಲ್ಲ. ಉರ್ದು ಮತ್ತು ಕನ್ನಡ ಪಾಠ ಹೇಳುವ ಶಿಕ್ಷಕಿ. ಆದ್ದರಿಂದ ದೇಹದ ವಿಷಯ ಮಾತನಾಡುವಾಗಲೂ ನನಗೆ ಮೊದಲು ಕಣ್ಣಿಗೆ ಬೀಳುವುದು ಪದಗಳೇ. ಇಂದು ನಮ್ಮ ಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ, ಆಟೋ ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಪದೇ ಪದೇ ಕೇಳಿಬರುವ ಪದ 'ಟೆನ್ಷನ್'. ನೋಡಿ, ಕನ್ನಡದಲ್ಲಿ ಗಾಬರಿ ಇದೆ, ಕಳವಳ ಇದೆ, ತಳಮಳ ಇದೆ, ದುಗುಡ ಇದೆ, ಚಿಂತೆ ಇದೆ. ಉರ್ದುವಿನಲ್ಲಿ ಘಬ್ರಾಹಟ್, ಬೇಚೈನಿ, ಪರೇಶಾನಿ, ಫಿಕ್ರ್ ಇವೆ. ಇಷ್ಟೊಂದು ಪದಗಳನ್ನು ಮನೆಯಲ್ಲಿಟ್ಟುಕೊಂಡು ನಾವು ಎಲ್ಲದಕ್ಕೂ ಟೆನ್ಷನ್ ಎನ್ನುತ್ತೇವೆ. ನಾಯಿ ಅಟ್ಟಿಸಿಕೊಂಡು ಬಂದರೂ ಟೆನ್ಷನ್, ಮೂರು ವರ್ಷದಿಂದ ತೀರದ ಸಾಲವೂ ಟೆನ್ಷನ್.

ಭಾಷೆಯ ಮಟ್ಟಿಗೆ ಇದು ಸಣ್ಣ ನಷ್ಟ ಇರಬಹುದು. ದೇಹದ ಮಟ್ಟಿಗೆ ಸಣ್ಣದಲ್ಲ. ಏಕೆಂದರೆ ಬಂದು ಹೋಗುವ ಗಾಬರಿ ಒಂದು ಬಗೆ, ಬಂದು ಕುಳಿತುಬಿಡುವ ಚಿಂತೆ ಇನ್ನೊಂದು ಬಗೆ. ಎರಡರಲ್ಲೂ ದೇಹದೊಳಗೆ ಸುರಿಯುವ ಹಾರ್ಮೋನುಗಳು ಅವೇ. ಆದರೆ ಮೊದಲನೆಯದು ನಮ್ಮನ್ನು ಕಾಯುತ್ತದೆ, ಎರಡನೆಯದು ನಮ್ಮನ್ನು ಒಳಗಿನಿಂದ ಸವೆಸುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇದೊಂದೇ ವಿಷಯ.

ಹತ್ತನೇ ತರಗತಿಯ ಮಕ್ಕಳು ವಿಜ್ಞಾನ ಪುಸ್ತಕದಲ್ಲಿ ಅಡ್ರಿನಲ್ ಗ್ರಂಥಿಯ ಬಗ್ಗೆ ಓದಿದ್ದೀರಿ. ಎರಡು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳವು. ಒಂದೊಂದರ ತೂಕ ನಾಲ್ಕೈದು ಗ್ರಾಂ ಮಾತ್ರ. ಓಣಿಯಲ್ಲಿ ನಾಯಿ ಬೊಗಳುತ್ತಾ ನುಗ್ಗಿತು ಎಂದುಕೊಳ್ಳಿ. ಕ್ಷಣಾರ್ಧದಲ್ಲಿ ಈ ಗ್ರಂಥಿಯ ಒಳಭಾಗದಿಂದ ಅಡ್ರಿನಲಿನ್ ರಕ್ತಕ್ಕೆ ಬರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ, ಬಾಯಿ ಒಣಗುತ್ತದೆ, ರಕ್ತವೆಲ್ಲ ಕೈಕಾಲಿನ ಸ್ನಾಯುಗಳ ಕಡೆಗೆ ಹರಿಯುತ್ತದೆ. ಹೋರಾಡು, ಇಲ್ಲವೇ ಓಡು. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ನೂರು ವರ್ಷಗಳ ಹಿಂದೆಯೇ ಇದನ್ನು ವಿವರಿಸಿದ್ದರು.

ಅಡ್ರಿನಲಿನ್‌ನ ಹಿಂದೆಯೇ ಇನ್ನೊಬ್ಬರು ಹೊರಡುತ್ತಾರೆ, ಸ್ವಲ್ಪ ನಿಧಾನವಾಗಿ. ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಅಡ್ರಿನಲ್ ಗ್ರಂಥಿಯ ಹೊರಪದರಕ್ಕೆ ಹೇಳುತ್ತದೆ, ಆಗ ಕಾರ್ಟಿಸೋಲ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ರಕ್ತದಲ್ಲಿ ಅದು ಏರಿ ನಿಲ್ಲುವ ಹೊತ್ತಿಗೆ ಇಪ್ಪತ್ತು ಮೂವತ್ತು ನಿಮಿಷ ಕಳೆದಿರುತ್ತದೆ. ಕಾರ್ಟಿಸೋಲ್‌ನ ಕೆಲಸ ಖರ್ಚಿಗೆ ಹಣ ಒದಗಿಸುವ ಮನೆಯ ಹಿರಿಯರ ಹಾಗೆ. ಯಕೃತ್ತಿನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ, ರಕ್ತದೊತ್ತಡ ಇಳಿಯದಂತೆ ಹಿಡಿಯುತ್ತದೆ, ತುರ್ತಿಲ್ಲದ ಕೆಲಸಗಳನ್ನೆಲ್ಲ ನಾಳೆಗೆ ಮುಂದೂಡುತ್ತದೆ. ಅಪಾಯ ಕಳೆದ ಮೇಲೆ ಅದೇ ಕಾರ್ಟಿಸೋಲ್ ಮೆದುಳಿಗೆ ಹೋಗಿ 'ಇನ್ನು ಸಾಕು' ಎಂದು ತಿಳಿಸುತ್ತದೆ, ಉತ್ಪಾದನೆ ನಿಲ್ಲುತ್ತದೆ. ಎಂಥ ಅಚ್ಚುಕಟ್ಟಾದ ವ್ಯವಸ್ಥೆ! ಇದು ಇಲ್ಲದಿದ್ದರೆ ನಾವು ಬದುಕುವುದೇ ಸಾಧ್ಯವಿಲ್ಲ. ಕಾರ್ಟಿಸೋಲ್ ಪ್ರತಿದಿನ ಬೆಳಗಿನ ಜಾವ ತಾನಾಗಿಯೇ ಏರಿ ನಮ್ಮನ್ನು ಹಾಸಿಗೆಯಿಂದ ಎಬ್ಬಿಸುತ್ತದೆ, ನಡುರಾತ್ರಿಯ ಹೊತ್ತಿಗೆ ಕೆಳಮಟ್ಟಕ್ಕೆ ಇಳಿಯುತ್ತದೆ. ಅದನ್ನು ವಿಷವೆಂಬಂತೆ ಕಾಣಬೇಡಿ. ಈಚೆಗೆ ಮೊಬೈಲಿನಲ್ಲಿ 'ಕಾರ್ಟಿಸೋಲ್ ಇಳಿಸುವ ಪುಡಿ' ಎಂದು ಜಾಹೀರಾತು ಬರುತ್ತಿವೆ. ಆ ಹಣದಲ್ಲಿ ಮಕ್ಕಳಿಗೆ ಹಣ್ಣು ತನ್ನಿ.

ಮುಂದೂಡುತ್ತದೆ ಎಂದೆನಲ್ಲ, ಅಲ್ಲಿಯೇ ಎಲ್ಲ ಕಥೆಯೂ ಇದೆ. ಮನೆಯಲ್ಲಿ ಮದುವೆ ಇರುವ ವಾರ ಸೋರುವ ಹೆಂಚನ್ನು ಯಾರೂ ಸರಿಪಡಿಸುವುದಿಲ್ಲ. ನಲ್ಲಿ ತೊಟ್ಟಿಕ್ಕುತ್ತಿದ್ದರೆ ಕೆಳಗೊಂದು ಬಕೆಟ್ ಇಟ್ಟು ಸುಮ್ಮನಾಗುತ್ತೇವೆ. ಇದ್ದಬದ್ದ ಹಣವೆಲ್ಲ ಶಾಮಿಯಾನಕ್ಕೂ ಬಿರಿಯಾನಿಗೂ ಹೋಗುತ್ತದೆ. ತಪ್ಪೇನಿಲ್ಲ, ಮದುವೆ ಮುಗಿದ ಮೇಲೆ ಹೆಂಚು ಹಾಕಿಸಿದರಾಯಿತು. ಆದರೆ ವರ್ಷವಿಡೀ ಮದುವೆ ನಡೆಯುತ್ತಲೇ ಇದ್ದರೆ? ಹೆಂಚು, ನಲ್ಲಿ, ಗೋಡೆ ಎಲ್ಲವೂ ಹಾಳಾಗುತ್ತವೆ, ಮೇಲೆ ಸಾಲ ಬೇರೆ. ನೀಗದ ಚಿಂತೆಯಲ್ಲಿರುವವರ ದೇಹದಲ್ಲಿ ಆಗುವುದು ಹೆಚ್ಚುಕಡಿಮೆ ಇದೇ. ಗಾಯ ಮಾಯಿಸುವುದು, ಸೋಂಕು ತಡೆಯುವುದು, ಮೂಳೆ ಗಟ್ಟಿಮಾಡುವುದು, ಆಹಾರ ಜೀರ್ಣಿಸುವುದು, ಇವೆಲ್ಲ ದೇಹದ ರಿಪೇರಿ ಕೆಲಸಗಳು. ಇವು ನಿಂತು ನಿಂತು ನಡೆಯುತ್ತವೆ.

ಇದು ನನ್ನ ಕಲ್ಪನೆಯ ಹೋಲಿಕೆಯಷ್ಟೇ ಅಲ್ಲ. ಕೋವಿಡ್ ಕಾಲವನ್ನು ನೆನಪಿಸಿಕೊಳ್ಳಿ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಔಷಧದ ಹೆಸರನ್ನು ಆಗ ನಾವೆಲ್ಲ ಕಲಿತೆವು. ಅದು ಬೇರೇನೂ ಅಲ್ಲ, ಕಾರ್ಟಿಸೋಲ್‌ನ ಕುಟುಂಬಕ್ಕೇ ಸೇರಿದ, ಅದಕ್ಕಿಂತ ಹಲವು ಪಟ್ಟು ಪ್ರಬಲವಾದ ಕೃತಕ ಔಷಧ. 2020ರ ಜೂನ್‌ನಲ್ಲಿ ಆಕ್ಸ್‌ಫರ್ಡ್ ವಿಜ್ಞಾನಿಗಳು ನಡೆಸಿದ 'ರಿಕವರಿ' ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ ಹತ್ತು ದಿನ ಈ ಔಷಧ ಕೊಟ್ಟಾಗ, ವೆಂಟಿಲೇಟರ್ ಮೇಲಿದ್ದ ರೋಗಿಗಳ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು. ಆದರೆ ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಮರುವರ್ಷ ಎರಡನೇ ಅಲೆಯಲ್ಲಿ ಏನಾಯಿತು? ಅಗತ್ಯವಿದ್ದವರೂ ಇಲ್ಲದವರೂ ಬೇಕಾದದ್ದಕ್ಕಿಂತ ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ಸ್ಟೀರಾಯ್ಡ್ ತೆಗೆದುಕೊಂಡ ಸಂದರ್ಭಗಳು ಬಹಳ. ರಕ್ತದ ಸಕ್ಕರೆ ಏರಿತು, ರೋಗನಿರೋಧಕ ಶಕ್ತಿ ಕುಸಿಯಿತು, ಮೊದಲೇ ಸಕ್ಕರೆ ಕಾಯಿಲೆ ಇದ್ದವರಲ್ಲಿ ಕಪ್ಪು ಶಿಲೀಂಧ್ರ ರೋಗ ಕಾಣಿಸಿಕೊಂಡಿತು. ಕರ್ನಾಟಕದಲ್ಲೂ ಎಷ್ಟೋ ಜನ ಕಣ್ಣು ಕಳೆದುಕೊಂಡರು, ಪ್ರಾಣ ಕಳೆದುಕೊಂಡರು. ಒಂದೇ ಔಷಧ. ಸರಿಯಾದ ರೋಗಿಗೆ ಹತ್ತು ದಿನ ಕೊಟ್ಟರೆ ಪ್ರಾಣ ಉಳಿಸಿತು, ಅಳತೆ ಮೀರಿದಾಗ ಪ್ರಾಣ ತೆಗೆಯಿತು.

ಕೀಲುನೋವಿಗೋ ದಮ್ಮಿಗೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತಿಂದವರನ್ನು ನೀವು ನೋಡಿರಬಹುದು. ಮುಖ ಗುಂಡಗೆ ಊದಿಕೊಳ್ಳುತ್ತದೆ, ಹೊಟ್ಟೆ ಬೆಳೆಯುತ್ತದೆ, ಕೈಕಾಲು ಸಣ್ಣಗಾಗುತ್ತವೆ, ಚರ್ಮ ತೆಳುವಾಗುತ್ತದೆ, ಮೂಳೆ ಟೊಳ್ಳಾಗುತ್ತದೆ, ಬಿ.ಪಿ., ಶುಗರ್ ಎರಡೂ ಏರುತ್ತವೆ. (ಅಂಥ ಮಾತ್ರೆ ಸೇವಿಸುತ್ತಿರುವವರು ನನ್ನ ಮಾತು ಕೇಳಿ ನಾಳೆಯೇ ನಿಲ್ಲಿಸಿಬಿಡಬೇಡಿ. ಥಟ್ಟನೆ ನಿಲ್ಲಿಸುವುದು ಇನ್ನೂ ಅಪಾಯ, ವೈದ್ಯರು ಅದನ್ನು ಹಂತ ಹಂತವಾಗಿ ಇಳಿಸುತ್ತಾರೆ.) ಚಿಂತೆಯಿಂದ ಏರುವ ಕಾರ್ಟಿಸೋಲ್ ಮಾತ್ರೆಯಷ್ಟು ಪ್ರಮಾಣದಲ್ಲಿ ಇರುವುದಿಲ್ಲ, ನಿಜ. ಆದರೆ ಹೋಗುವ ದಾರಿ ಅದೇ, ನಿಧಾನವಾಗಿ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗದ ವಿಷಯ ಹೇಳಬೇಕು. 1998ರಲ್ಲಿ ಅಮೆರಿಕದ ಓಹಿಯೊ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಪ್ರಕಟಿಸಿದರು. ದಂತವೈದ್ಯ ಓದುತ್ತಿದ್ದ ಹನ್ನೊಂದು ವಿದ್ಯಾರ್ಥಿಗಳು ತಾವಾಗಿಯೇ ಮುಂದೆ ಬಂದಿದ್ದರು. ಬೇಸಿಗೆ ರಜೆಯಲ್ಲಿ ಪ್ರತಿಯೊಬ್ಬರ ಬಾಯಿಯ ಅಂಗಳದಲ್ಲಿ ಮೂರೂವರೆ ಮಿಲಿಮೀಟರ್‌ನ ಒಂದು ಚಿಕ್ಕ ಗಾಯ ಮಾಡಿ, ಅದು ಮಾಯಲು ಎಷ್ಟು ದಿನ ಬೇಕೆಂದು ದಿನವೂ ನೋಡಿದರು. ಆಮೇಲೆ ಪರೀಕ್ಷೆಗೆ ಮೂರು ದಿನ ಇರುವಾಗ ಇನ್ನೊಂದು ಬದಿಯಲ್ಲಿ ಅಷ್ಟೇ ಗಾತ್ರದ ಗಾಯ. ಅದೇ ವಿದ್ಯಾರ್ಥಿ, ಅದೇ ಬಾಯಿ, ಅದೇ ಅಳತೆ. ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಮೂರು ದಿನ ಹೆಚ್ಚು, ಅಂದರೆ ಶೇ. 40ರಷ್ಟು ಹೆಚ್ಚು ಕಾಲ ಹಿಡಿಯಿತು. ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ರಜೆಯಲ್ಲಿ ಮಾಯ್ದಷ್ಟು ಬೇಗ ಮಾಯಲಿಲ್ಲ. ಇದೇ ತಂಡ 1995ರಲ್ಲಿ, ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಮಹಿಳೆಯರ ಮೇಲೂ ಇಂಥದೇ ಅಧ್ಯಯನ ನಡೆಸಿತ್ತು. ಅವರ ಗಾಯ ಮಾಯಲು ಇತರರಿಗಿಂತ ಒಂಬತ್ತು ದಿನ ಹೆಚ್ಚು ಬೇಕಾಯಿತು. ಹಾಸಿಗೆ ಹಿಡಿದ ಅತ್ತೆಯನ್ನೋ ಮಾವನನ್ನೋ ವರ್ಷಗಟ್ಟಲೆ ಒಬ್ಬರೇ ಆರೈಕೆ ಮಾಡುವ ಸೊಸೆಯಂದಿರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟಿಲ್ಲ? ಅವರ ಸಹನೆಯನ್ನು ಎಲ್ಲರೂ ಹೊಗಳುತ್ತೇವೆ. ವಾರಕ್ಕೆ ಒಂದು ದಿನ ಅವರನ್ನು ಕೂರಿಸಿ ನಾವು ಆ ಕೆಲಸ ಮಾಡುತ್ತೇವೆಯೇ?

ಎಷ್ಟು ದಿನದ ಚಿಂತೆ ದೀರ್ಘ ಚಿಂತೆ ಎಂದು ನೀವು ಕೇಳಬಹುದು. ಇದಕ್ಕೂ ಒಂದು ಮಟ್ಟಿಗೆ ಉತ್ತರವಿದೆ. ಅಮೆರಿಕದ ಶೆಲ್ಡನ್ ಕೊಹೆನ್ ಎಂಬ ಮನಶ್ಶಾಸ್ತ್ರಜ್ಞ ಆರೋಗ್ಯವಂತ 276 ಮಂದಿಯ ಮೂಗಿಗೆ ನೆಗಡಿಯ ವೈರಸ್ಸನ್ನು ಹಾಕಿ ಯಾರಿಗೆ ಕಾಯಿಲೆ ಬರುತ್ತದೆ ಎಂದು ನೋಡಿದರು. ಒಂದು ತಿಂಗಳೊಳಗಿನ ಒತ್ತಡ, ಅದು ತೀವ್ರವಾಗಿದ್ದರೂ ಸಹ, ನೆಗಡಿಯ ಸಂಭವವನ್ನು ಹೆಚ್ಚಿಸಿರಲಿಲ್ಲ. ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಕಾಡಿದ ಒತ್ತಡ ಹೆಚ್ಚಿಸಿತ್ತು. ಅದರಲ್ಲೂ ನಿರುದ್ಯೋಗ ಮತ್ತು ಮನೆಮಂದಿಯೊಡನೆ, ಹತ್ತಿರದವರೊಡನೆ ಮುಗಿಯದ ಜಗಳ. 1998ರಲ್ಲಿ ಇದು ಪ್ರಕಟವಾಯಿತು.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಎದ್ದು ನಿಲ್ಲಬೇಕು. 'ಮೇಡಂ, ಸ್ಟೀರಾಯ್ಡ್ ಊತ ಇಳಿಸುವ ಔಷಧ ಅಲ್ಲವೇ? ಕಾರ್ಟಿಸೋಲ್ ಹೆಚ್ಚಿದ್ದವರಲ್ಲಿ ಊತ, ಉರಿ ಕಡಿಮೆ ಇರಬೇಕಲ್ಲ?' ಒಳ್ಳೆಯ ಪ್ರಶ್ನೆ. ಕೊಹೆನ್ ತಂಡವೇ 2012ರಲ್ಲಿ ಇದಕ್ಕೆ ವಿವರಣೆ ಕೊಟ್ಟಿತು. ಬಹುಕಾಲ ಒತ್ತಡದಲ್ಲಿದ್ದವರ ರಕ್ತಕಣಗಳು ಕಾರ್ಟಿಸೋಲ್‌ನ ಮಾತಿಗೆ ಕಿವಿಗೊಡುವುದನ್ನೇ ಬಿಟ್ಟುಬಿಡುತ್ತವೆ. ದಿನವೂ ಗದರುವ ಮೇಷ್ಟ್ರ ಮಾತು ಮಕ್ಕಳ ಕಿವಿಗೆ ಬೀಳದಂತೆ! ಆಗ ಸೋಂಕಿನ ವಿರುದ್ಧ ಎದ್ದ ಉರಿಯೂತ ಸಕಾಲದಲ್ಲಿ ಇಳಿಯುವುದಿಲ್ಲ. ರಕ್ತನಾಳಗಳ ಗೋಡೆಯಲ್ಲಿ ಸಣ್ಣಗೆ ಉರಿಯುತ್ತಲೇ ಇರುವ ಇಂಥ ಉರಿಯೂತ ಕೊಬ್ಬು ಕೂಡಿಕೊಳ್ಳಲು ಜಾಗ ಮಾಡಿಕೊಡುತ್ತದೆ. ಹೃದಯದ ಕಾಯಿಲೆಗೆ ಒಂದು ದಾರಿ ಇದು.

ಹೃದಯದ ವಿಷಯದಲ್ಲಿ ನಮ್ಮ ರಾಜ್ಯದೊಂದಿಗೆ ನಂಟಿರುವ ಒಬ್ಬ ವೈದ್ಯರನ್ನು ಹೆಸರಿಸಬೇಕು. ಡಾ. ಸಲೀಂ ಯೂಸುಫ್ ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಓದಿ, ಆಕ್ಸ್‌ಫರ್ಡ್‌ಗೆ ಹೋಗಿ, ಮುಂದೆ ಕೆನಡಾದಲ್ಲಿ ನೆಲೆಸಿದವರು. ಅವರ ನೇತೃತ್ವದ 'ಇಂಟರ್‌ಹಾರ್ಟ್' ಅಧ್ಯಯನ 2004ರಲ್ಲಿ ಪ್ರಕಟವಾಯಿತು. 52 ದೇಶಗಳಲ್ಲಿ ಮೊದಲ ಬಾರಿ ಹೃದಯಾಘಾತವಾದ ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿಯನ್ನು, ಹೃದಯಾಘಾತವಾಗದ ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿಯೊಂದಿಗೆ ಹೋಲಿಸಲಾಗಿತ್ತು. ಕಳೆದ ವರ್ಷವಿಡೀ ಒತ್ತಡದಲ್ಲೇ ಇದ್ದೆ ಎಂದವರಲ್ಲಿ ಹೃದಯಾಘಾತದ ಸಂಭವ, ಒತ್ತಡವೇ ಇರಲಿಲ್ಲ ಎಂದವರಿಗಿಂತ ಸುಮಾರು ಎರಡು ಪಟ್ಟು. ಧೂಮಪಾನ, ಬಿ.ಪಿ., ಸಕ್ಕರೆ ಕಾಯಿಲೆಗಳ ಸಾಲಿಗೆ ಮನಸ್ಸಿನ ಒತ್ತಡವೂ ಅಂದಿನಿಂದ ಸೇರಿತು. ಇದೇ ಅಧ್ಯಯನದಿಂದ ತಿಳಿದ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೇ ಆಗುತ್ತಿತ್ತು, ಉಳಿದ ದೇಶದವರಿಗಿಂತ ಸುಮಾರು ಆರು ವರ್ಷ ಮೊದಲು. ಮಕ್ಕಳೇ, ನಿಮ್ಮ ಅಬ್ಬಾನ ವಯಸ್ಸೆಷ್ಟು ಎಂದು ಲೆಕ್ಕ ಹಾಕಿ ನೋಡಿ.

ಒತ್ತಡವೆಂದರೆ ದೊಡ್ಡ ಅಧಿಕಾರಿಗಳ, ಎ.ಸಿ. ರೂಮಿನವರ ಕಾಯಿಲೆ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಅದನ್ನು ಸುಳ್ಳು ಮಾಡಿದ್ದು ಲಂಡನ್ನಿನ 'ವೈಟ್‌ಹಾಲ್' ಅಧ್ಯಯನ. 1967ರಲ್ಲಿ ಆರಂಭವಾದ ಇದರಲ್ಲಿ ಸುಮಾರು ಹದಿನೆಂಟು ಸಾವಿರ ಸರ್ಕಾರಿ ನೌಕರರಿದ್ದರು. ಎಲ್ಲರಿಗೂ ಕಾಯಂ ಕೆಲಸ, ಸಂಬಳ, ಒಂದೇ ಬಗೆಯ ಆಸ್ಪತ್ರೆ ಸೌಲಭ್ಯ. ಆದರೂ ಹೃದ್ರೋಗದಿಂದ ಸತ್ತವರ ಪ್ರಮಾಣ ಮೇಲಿನ ಅಧಿಕಾರಿಗಳಿಗಿಂತ ಕೆಳದರ್ಜೆಯ ನೌಕರರಲ್ಲಿ ಮೂರು ಪಟ್ಟಿಗೂ ಹೆಚ್ಚಿತ್ತು. ಬೀಡಿ ಸಿಗರೇಟು, ಕೊಬ್ಬು, ಬಿ.ಪಿ. ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಆ ಅಂತರ ಪೂರ್ತಿ ಕರಗಲಿಲ್ಲ. ಮುಂದೆ ಮೈಕೆಲ್ ಮಾರ್ಮಟ್ ಅವರ ತಂಡ ಎರಡನೇ ಸುತ್ತಿನ ಅಧ್ಯಯನದಲ್ಲಿ ಕಂಡುಕೊಂಡದ್ದೇನೆಂದರೆ, ಕೆಲಸದ ಭಾರಕ್ಕಿಂತಲೂ ಕೆಲಸದ ಮೇಲೆ ತನ್ನ ಹಿಡಿತವೇ ಇಲ್ಲದಿರುವುದು ಹೃದಯಕ್ಕೆ ಹೆಚ್ಚು ಕೆಟ್ಟದ್ದು. ಯಾವಾಗ ಕೆಲಸ, ಯಾವಾಗ ಬಿಡುವು, ನಾಳೆ ಕೆಲಸ ಇದೆಯೋ ಇಲ್ಲವೋ, ಯಾವುದೂ ತನ್ನ ಕೈಯಲ್ಲಿಲ್ಲ. ಇದನ್ನು ಓದುವಾಗ ನನ್ನ ಕಣ್ಣಮುಂದೆ ಬಂದವರು ಲಂಡನ್ನಿನವರಲ್ಲ. ನಮ್ಮ ಹಮಾಲರು, ಗ್ಯಾರೇಜಿನ ಹುಡುಗರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ಪಡೆಯುವ ತಾಯಂದಿರು.

ಆದ್ದರಿಂದಲೇ 'ಟೆನ್ಷನ್ ತಗೋಬೇಡಿ' ಎಂಬ ಉಪದೇಶ ನನಗೆ ಹಿಡಿಸುವುದಿಲ್ಲ. ಯಾರೂ ಅಂಗಡಿಗೆ ಹೋಗಿ ಟೆನ್ಷನ್ ತಂದುಕೊಳ್ಳುವುದಿಲ್ಲ. ತೀರಿಸಲಾಗದ ಸಾಲವನ್ನು ದೀರ್ಘ ಉಸಿರಾಟದಿಂದ ತೀರಿಸಲಾಗುವುದಿಲ್ಲ. ಹಿಡಿತ ತಪ್ಪಿದವರ ಕೈಗೆ ಸ್ವಲ್ಪವಾದರೂ ಹಿಡಿತ ಕೊಡುವುದೇ ಔಷಧ. ಸಂಸ್ಥೆಯ ಹಿರಿಯರಲ್ಲಿ ವಿನಂತಿಸುತ್ತೇನೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಮಕ್ಕಳಿಗೆ ಯಾವ ದಿನ ಉತ್ತರ ಸಿಗುತ್ತದೆ ಎಂದು ಮೊದಲೇ ಹೇಳಿ, ಆ ದಿನ ಹೇಳಿ. ಇಲ್ಲ ಎಂಬುದೂ ಒಂದು ಉತ್ತರವೇ. ಕಾಲೇಜು ಶುಲ್ಕದ ಕೊನೆಯ ದಿನಾಂಕ ಹತ್ತಿರವಾಗುತ್ತಿದ್ದು, ಹೌದೋ ಅಲ್ಲವೋ ತಿಳಿಯದೆ ಒಂದು ಕುಟುಂಬ ಎರಡು ತಿಂಗಳು ಕಳೆಯುತ್ತದಲ್ಲ, ಆ ಎರಡು ತಿಂಗಳನ್ನು ನಾವು ಉಳಿಸಬಹುದು.

ಇನ್ನೊಂದು ಎಚ್ಚರಿಕೆ. ಎಲ್ಲವನ್ನೂ ಟೆನ್ಷನ್‌ನ ತಲೆಗೆ ಕಟ್ಟುವುದೂ ತಪ್ಪು. ಒತ್ತಡದ ವಿಜ್ಞಾನಕ್ಕೆ ತಳಪಾಯ ಹಾಕಿದ ಹ್ಯಾನ್ಸ್ ಸೆಲ್ಯೆ 1936ರಲ್ಲಿ ಒತ್ತಡಕ್ಕೆ ಸಿಕ್ಕಿದ ಇಲಿಗಳ ಹೊಟ್ಟೆಯಲ್ಲಿ ಹುಣ್ಣು ಕಂಡಿದ್ದರು. ಮುಂದೆ ದಶಕಗಳ ಕಾಲ ಹೊಟ್ಟೆಹುಣ್ಣಿಗೆ ಚಿಂತೆ, ಖಾರಗಳೇ ಕಾರಣ ಎಂದು ವೈದ್ಯರೂ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದಕ್ಕೆ ಮುಖ್ಯ ಕಾರಣ ಒಂದು ಬ್ಯಾಕ್ಟೀರಿಯಾ ಎಂದು ತೋರಿಸಿದರು. ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು! 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಇಂದು ಆ ಹುಣ್ಣು ಆಂಟಿಬಯೋಟಿಕ್ ಮಾತ್ರೆಗಳಿಂದ ವಾಸಿಯಾಗುತ್ತದೆ. ನಾನು ಇದನ್ನು ಹೇಳುವುದಕ್ಕೆ ಕಾರಣವಿದೆ. 'ನನ್ನ ಬಿ.ಪಿ. ಟೆನ್ಷನ್‌ನಿಂದ ಬಂದದ್ದು, ಮಗಳ ಮದುವೆಯಾದರೆ ತಾನೇ ಹೋಗುತ್ತದೆ' ಎಂದು ಮಾತ್ರೆ ಬಿಟ್ಟವರು ನಮ್ಮಲ್ಲಿ ಬಹಳ. ಕಾರಣ ಏನೇ ಇರಲಿ, ಏರಿದ ಬಿ.ಪಿ. ಏರಿದ ಬಿ.ಪಿ.ಯೇ. ಅದು ಮದುವೆಯ ದಿನಾಂಕಕ್ಕೆ ಕಾಯುವುದಿಲ್ಲ. ಮಾತ್ರೆ ತಿನ್ನಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ. ನಿದ್ದೆಗೆಟ್ಟು ಓದುವುದು ಶೂರತನ ಎಂದುಕೊಂಡಿದ್ದೀರಿ. ರಾತ್ರಿ ನಿದ್ದೆ ತಪ್ಪಿದರೆ ಮರುದಿನ ಸಂಜೆ ಇಳಿಯಬೇಕಾದ ಕಾರ್ಟಿಸೋಲ್ ಸರಿಯಾಗಿ ಇಳಿಯುವುದಿಲ್ಲ. ಇಳಿಯದಿದ್ದರೆ ಆ ರಾತ್ರಿಯೂ ನಿದ್ದೆ ಬಾರದು. ಜೊತೆಗೆ, 2000ರಲ್ಲಿ ಪ್ರಕಟವಾದ ಜ್ಯೂರಿಕ್ ನಗರದ ಪ್ರಯೋಗವೊಂದರಲ್ಲಿ, ಹಿಂದಿನ ದಿನ ಕಲಿತ ಪದಗಳನ್ನು ನೆನಪಿಸಿಕೊಳ್ಳುವ ಮೊದಲು ಕಾರ್ಟಿಸೋನ್ ಮಾತ್ರೆ ನುಂಗಿದವರಿಗೆ ಕಡಿಮೆ ಪದಗಳು ನೆನಪಾದವು. 'ಓದಿದ್ದೆಲ್ಲ ಬಂತು, ಪೇಪರ್ ನೋಡಿದ ಕೂಡಲೇ ಮರೆತುಹೋಯಿತು' ಎನ್ನುತ್ತೀರಲ್ಲ, ಅದು ನೆಪವಲ್ಲ ಎಂದು ನನಗೆ ಗೊತ್ತು. ಪರೀಕ್ಷೆಯ ಬೆಳಗ್ಗೆ ಅಂಗೈ ಬೆವರಿದರೆ, ಎದೆ ಹೊಡೆದುಕೊಂಡರೆ ಹೆದರಬೇಡಿ. ಅದು ಗಾಬರಿ, ಚಿಂತೆಯಲ್ಲ. ಪ್ರಶ್ನೆಪತ್ರಿಕೆ ಓದಲು ಕೊಡುವ ಹದಿನೈದು ನಿಮಿಷ ಅದಕ್ಕಾಗಿಯೂ ಇದೆ ಎಂದುಕೊಳ್ಳಿ. ಗೊತ್ತಿರುವ ಪ್ರಶ್ನೆಯಿಂದ ಬರೆಯಲು ಶುರುಮಾಡಿ, ಕೈ ಓಡತೊಡಗಿದಂತೆ ಮೈ ತಾನೇ ತಣ್ಣಗಾಗುತ್ತದೆ.

ಪೋಷಕರೇ, ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶ 2024ರಿಂದ ಬಂದಿದೆ. ಫಲಿತಾಂಶದ ದಿನ ನೆರೆಮನೆಯ ಮಗುವಿನ ಅಂಕ ಕೇಳುವ ಮೊದಲು ಇದನ್ನು ನೆನಪಿಡಿ. ಗದರಿಕೆ ಹತ್ತು ನಿಮಿಷದ್ದಾದರೆ ಮಗು ತಡೆದುಕೊಳ್ಳುತ್ತದೆ. ಊಟದ ತಟ್ಟೆಯ ಮುಂದೆ ದಿನವೂ ಅದೇ ಮಾತಾದರೆ ಕಾರ್ಟಿಸೋಲ್‌ಗೆ ಇಳಿಯಲು ಹೊತ್ತೇ ಸಿಗುವುದಿಲ್ಲ.

ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎನಿಸಿದರೆ ಯಾರಲ್ಲಾದರೂ ಹೇಳಿಕೊಳ್ಳಿ. ಬದುಕು ಬೇಡ ಎನಿಸಿದ ದಿನವಂತೂ ತಿಂಗಳು ಕಾಯಬೇಡಿ, ಅಂದೇ ಹೇಳಿ. ಮನೆಯಲ್ಲಿ ಹೇಳಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಎಂಬ ಉಚಿತ ಸೇವೆ ಅದು, ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತನಾಡಬಹುದು. ಸಂಖ್ಯೆಯನ್ನು ಬಾಗಿಲ ಬಳಿಯ ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದೇನೆ. ಹೊರಗೆ ಹೋಗುವಾಗ ಬರೆದುಕೊಳ್ಳಿ.